ಅಕ್ಕಿ ಮೂಟೆ ಬಂದ ದಾರಿ: ಬಂದರುಗಳ ಲೆಕ್ಕಾಚಾರ

ಇವತ್ತಿನ ಮಾತು ಬಂದರುಗಳ ಬಗ್ಗೆ. ಹಡಗು, ಬಂದರು ಎಂದರೆ ಅದು ವ್ಯಾಪಾರಿಗಳ, ಎಂಜಿನಿಯರುಗಳ ವಿಷಯ, ಕನ್ನಡ ಎಂ.ಎ. ಓದಿ ಮನೆ ನಡೆಸುವವರಿಗೇನು ಕೆಲಸ ಎಂದು ನಿಮಗೆ ಅನ್ನಿಸಬಹುದು. ಆದರೆ ಮನೆ ನಡೆಸುವವರೇ ಅಕ್ಕಿಯ ಬೆಲೆ ನೋಡುವವರು. ಆ ಬೆಲೆಯ ಬೆನ್ನು ಹಿಡಿದು ಹೋದರೆ ಸಿಗುವುದು ಬಂದರು.

ಮೊದಲು ಒಂದು ಒಗಟು. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಬೆಂಗಳೂರಿನಿಂದ ಚೆನ್ನೈಗೂ ಹೆಚ್ಚು ಕಡಿಮೆ ಅಷ್ಟೇ. ಮಂಗಳೂರಿನ ಪಣಂಬೂರಿನಲ್ಲಿ ದೊಡ್ಡ ಬಂದರಿದೆ, ಅದು ನಮ್ಮ ರಾಜ್ಯದಲ್ಲೇ ಇದೆ. ಹಾಗಿದ್ದೂ ಬೆಂಗಳೂರಿನ ಕಾರ್ಖಾನೆಗಳಿಂದ ಹೊರಡುವ ಕಂಟೇನರುಗಳಲ್ಲಿ ಬಹುಪಾಲು ಚೆನ್ನೈ ದಾರಿಯನ್ನೇ ಹಿಡಿಯುತ್ತವೆ. ದೂರ ಒಂದೇ ಆದರೂ ಸರಕು ಒಂದು ಕಡೆಗೇ ಹರಿಯುವುದೇಕೆ?

ಇದಕ್ಕೆ ಉತ್ತರ ಗೊತ್ತಾದರೆ ಡಬ್ಲಿನ್ ಬಂದರೂ ಅರ್ಥವಾಗುತ್ತದೆ, ನಮ್ಮ ಅಂಗಡಿಯ ಸೋನಾ ಮಸೂರಿಯ ಬೆಲೆಯೂ ಅರ್ಥವಾಗುತ್ತದೆ. ಸಮುದ್ರದ ವ್ಯಾಪಾರದಲ್ಲಿ ದೂರಕ್ಕೆ ಬೆಲೆ ಕಡಿಮೆ. ಬೆಲೆ ಇರುವುದು ಮೂರು ವಿಷಯಗಳಿಗೆ: ಹಡಗು ಎಷ್ಟು ತುಂಬಿದೆ, ಎಷ್ಟು ಹೊತ್ತು ಕಾಯಬೇಕು, ಸರಕು ಎಷ್ಟು ಸಲ ಕೈ ಬದಲಾಯಿಸಬೇಕು. ಇವನ್ನು ಒಂದೊಂದಾಗಿ ನೋಡೋಣ.

ಪೆಟ್ಟಿಗೆಯ ಕಥೆ

ಬಂದರು ಎಂಬ ಮಾತು ಪಾರಸಿಯ ‘ಬಂದರ್’ನಿಂದ ಕನ್ನಡಕ್ಕೆ ಬಂದದ್ದು. ಮಾತೇ ಹಡಗು ಹತ್ತಿ ಬಂದಂತೆ. ಹಳೆಯ ಕಾಲದಲ್ಲಿ ಬಂದರಿನ ಕೆಲಸವೆಂದರೆ ತಲೆಹೊರೆಯ ಕೆಲಸ. ಮೂಟೆ, ಪೀಪಾಯಿ, ಪೆಟ್ಟಿಗೆ, ಎಲ್ಲವನ್ನೂ ಒಂದೊಂದಾಗಿ ಹೊತ್ತು ಹಡಗಿಗೆ ಏರಿಸಬೇಕು, ಆ ಕಡೆ ಒಂದೊಂದಾಗಿ ಇಳಿಸಬೇಕು. ಒಂದು ಹಡಗು ತುಂಬಲು ವಾರಗಟ್ಟಲೆ ಬೇಕಾಗುತ್ತಿತ್ತು. ಹಡಗು ನೀರಿನ ಮೇಲೆ ಇರುವಷ್ಟೇ ದಿನ ದಕ್ಕೆಯಲ್ಲೂ ನಿಂತಿರುತ್ತಿತ್ತು.

1956ರ ಏಪ್ರಿಲ್ 26ರಂದು ಅಮೆರಿಕದಲ್ಲಿ ಲಾರಿ ಕಂಪನಿ ಕಟ್ಟಿ ಬೆಳೆಸಿದ್ದ ಮಾಲ್ಕಮ್ ಮೆಕ್‌ಲೀನ್ ಎಂಬ ವ್ಯಾಪಾರಿ ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ನ್ಯೂಯಾರ್ಕ್ ಬಳಿಯ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಲಾರಿಯ ಮೇಲಿನ ಪೆಟ್ಟಿಗೆಯನ್ನು ಬಿಚ್ಚದೆ ಹಾಗೇ ಎತ್ತಿ ಹಡಗಿಗೆ ಇಡುವುದು, ಇದಷ್ಟೇ ಅವನ ಉಪಾಯ. ಬಿಡಿ ಸರಕನ್ನು ಹಡಗಿಗೇರಿಸಲು ಆಗ ಟನ್ನಿಗೆ 5.86 ಡಾಲರ್ ಖರ್ಚು. ಪೆಟ್ಟಿಗೆಯಲ್ಲಿ ಅದೇ ಕೆಲಸಕ್ಕೆ 16 ಸೆಂಟ್ ಸಾಕಾಯಿತು. ಮುಂದೆ ಈ ಪೆಟ್ಟಿಗೆಗೆ ಜಗತ್ತೆಲ್ಲ ಒಂದೇ ಅಳತೆ ಗೊತ್ತಾಯಿತು. 20 ಅಡಿ ಉದ್ದದ ಒಂದು ಪೆಟ್ಟಿಗೆಗೆ ಒಂದು ಟಿಇಯು ಎಂದು ಲೆಕ್ಕ. ಇಂದಿನ ದೊಡ್ಡ ಹಡಗುಗಳು 20,000 ಟಿಇಯುಗೂ ಹೆಚ್ಚು ಹೊರುತ್ತವೆ.

ಈಗ ನಮ್ಮ ಅಕ್ಕಿಯ ಲೆಕ್ಕ ಮಾಡೋಣ. 20 ಅಡಿಯ ಒಂದು ಕಂಟೇನರಿನಲ್ಲಿ ಸುಮಾರು 25 ಟನ್ ಅಕ್ಕಿ ಹಿಡಿಯುತ್ತದೆ. 10 ಕಿಲೋ ಮೂಟೆಯಾದರೆ 2,500 ಮೂಟೆ. ಭಾರತದಿಂದ ಡಬ್ಲಿನ್‌ಗೆ ಆ ಕಂಟೇನರಿನ ಬಾಡಿಗೆ 2,500 ಯೂರೋ ಎಂದು ಲೆಕ್ಕಕ್ಕೆ ಸುಲಭವಾಗಲೆಂದು ಇಟ್ಟುಕೊಳ್ಳಿ. ಅಂದರೆ ಒಂದು ಮೂಟೆಗೆ ಬೀಳುವುದು ಒಂದೇ ಒಂದು ಯೂರೋ. ಅರ್ಧ ಭೂಮಿ ಸುತ್ತಿ ಬಂದದ್ದಕ್ಕೆ ಒಂದು ಯೂರೋ! ಅಂಗಡಿಯಿಂದ ಆ ಮೂಟೆಯನ್ನು ಮನೆಗೆ ತರಲು ದೊಡ್ಡವರು ಬಸ್ಸು ಹತ್ತಿದರೆ ಅದಕ್ಕಿಂತ ಹೆಚ್ಚೇ ಖರ್ಚಾಗುತ್ತದೆ.

ಆದರೆ ಇಷ್ಟು ಅಗ್ಗವಾಗುವುದು ಹಡಗು ತುಂಬಿದ್ದರೆ ಮಾತ್ರ. ಹಡಗಿನ ಇಂಧನ, ಸಿಬ್ಬಂದಿ, ಸಾಲದ ಬಡ್ಡಿ, ವಿಮೆ, ಯಾವುದೂ ಅರ್ಧ ಖಾಲಿ ಇದೆ ಎಂದು ಅರ್ಧವಾಗುವುದಿಲ್ಲ. ದೊಡ್ಡ ಹಡಗಿನ ಒಂದು ದಿನದ ಖರ್ಚು ಹತ್ತಾರು ಸಾವಿರ ಡಾಲರ್. ಆದ್ದರಿಂದ ಹಡಗು ಕಂಪನಿಯವರು ಹುಡುಕುವುದು ಹತ್ತಿರದ ಬಂದರನ್ನಲ್ಲ, ಸರಕು ಹೆಚ್ಚಿರುವ ಬಂದರನ್ನು. ಸರಕಿನವರೂ ಹಾಗೆಯೇ. ವಾರಕ್ಕೆ ಹಲವು ಹಡಗು ಬರುವ ಬಂದರಾದರೆ ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ.

ಸಂತೆಯ ನಿಯಮ

ಇದು ನಮ್ಮ ಸಂತೆಯ ನಿಯಮವೇ. ಕೊಳ್ಳುವವರು ಹೆಚ್ಚಿರುವ ಸಂತೆಗೆ ಮಾರುವವರು ಬರುತ್ತಾರೆ, ಮಾರುವವರು ಹೆಚ್ಚಿರುವ ಸಂತೆಗೆ ಕೊಳ್ಳುವವರು ಬರುತ್ತಾರೆ. ಒಮ್ಮೆ ಮುಂದೆ ಹೋದ ಸಂತೆ ಇನ್ನೂ ಮುಂದೆ ಹೋಗುತ್ತದೆ. ಹಿಂದೆ ಬಿದ್ದದ್ದು ಮೇಲೇಳಬೇಕಾದರೆ ಬಹಳ ಕಷ್ಟಪಡಬೇಕು.

ಆದ್ದರಿಂದಲೇ ಜಗತ್ತಿನ ದೊಡ್ಡ ಕಂಟೇನರ್ ಹಡಗುಗಳು ಕೆಲವೇ ಬಂದರುಗಳಲ್ಲಿ ನಿಲ್ಲುತ್ತವೆ. ಯೂರೋಪಿನಲ್ಲಿ ರಾಟರ್‌ಡ್ಯಾಮ್, ಆಂಟ್‌ವರ್ಪ್, ಹ್ಯಾಂಬರ್ಗ್. ನಮ್ಮ ಕಡೆ ಕೊಲಂಬೊ, ಸಿಂಗಪುರ. ಅಲ್ಲಿಂದ ಚಿಕ್ಕ ಹಡಗುಗಳು ಬೇರೆ ಬೇರೆ ಊರಿಗೆ ಸರಕು ಹಂಚುತ್ತವೆ. ಇವಕ್ಕೆ ಫೀಡರ್ ಹಡಗು ಎನ್ನುತ್ತಾರೆ. ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗುವಾಗ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹಾಸನಕ್ಕೆ ಬಂದು, ಅಲ್ಲಿ ಇಳಿದು, ಹಳ್ಳಿ ಬಸ್ಸಿಗೆ ಕಾಯುತ್ತೇವಲ್ಲ, ಅದೇ ಏರ್ಪಾಡು. ಎಕ್ಸ್‌ಪ್ರೆಸ್ ಬಸ್ಸು ಪ್ರತಿ ಹಳ್ಳಿಗೂ ಹೊಕ್ಕು ಹೊರಬಂದರೆ ಯಾರಿಗೂ ಗಿಟ್ಟುವುದಿಲ್ಲ.

ಈ ಲೆಕ್ಕದಲ್ಲಿ ಡಬ್ಲಿನ್ ಹಳ್ಳಿ ಬಸ್ಸಿನ ಊರು. ಸಿಂಧನೂರಿನದೋ ಗಂಗಾವತಿಯದೋ ಗಿರಣಿಯಿಂದ ಹೊರಟ ಅಕ್ಕಿ ಚೆನ್ನೈಗೋ ಮುಂಬಯಿಯ ನ್ಹಾವಾ ಶೇವಾಗೋ ಹೋಗಿ, ದೊಡ್ಡ ಹಡಗಿನಲ್ಲಿ ಯೂರೋಪಿಗೆ ಬಂದು, ಅಲ್ಲಿ ಇಳಿದು, ಫೀಡರ್ ಹಡಗು ಹತ್ತಿ ಡಬ್ಲಿನ್ ಸೇರುತ್ತದೆ. ಮಂಗಳೂರೂ ಹಳ್ಳಿ ಬಸ್ಸಿನ ಊರೇ. ಅಲ್ಲಿಂದ ಹೊರಟ ಎಷ್ಟೋ ಕಂಟೇನರುಗಳು ಕೊಲಂಬೊದಂಥ ಕಡೆ ಹಡಗು ಬದಲಾಯಿಸುತ್ತವೆ. ಹೀಗೆ ಹಡಗು ಬದಲಾಯಿಸುವ ಭಾರತದ ಸರಕಿನಲ್ಲಿ ಸುಮಾರು ಮುಕ್ಕಾಲು ಪಾಲು ವಿದೇಶದ ಬಂದರುಗಳಲ್ಲೇ ಬದಲಾಗುತ್ತಿತ್ತು ಎಂದು ಭಾರತ ಸರ್ಕಾರವೇ ಹೇಳಿಕೊಂಡು ಬಂದಿದೆ. ಆ ಎತ್ತಿಳಿಸುವ ಕೂಲಿಯೆಲ್ಲ ಹೊರಗಿನವರಿಗೆ. ಇದನ್ನು ತಪ್ಪಿಸಲೆಂದೇ ಕೇರಳದಲ್ಲಿ ಸಹಜವಾಗಿಯೇ ಆಳವಿರುವ ವಿಳಿಂಞಂ ಬಂದರನ್ನು ಕಟ್ಟಿ 2025ರ ಮೇ 2ರಂದು ಉದ್ಘಾಟಿಸಿದರು.

ಕಾಯುವುದಕ್ಕೂ ದುಡ್ಡು

ಎರಡನೆಯದು ಕಾಯುವಿಕೆ. ಹಡಗು ನಿಲ್ಲುವ ಜಾಗಕ್ಕೆ ಬರ್ತ್ ಎಂದು ಹೆಸರು. ಹತ್ತು ಬರ್ತ್ ಇರುವ ಬಂದರಿನಲ್ಲಿ ಹತ್ತೂ ಯಾವಾಗಲೂ ತುಂಬಿರುವುದೇ ಒಳ್ಳೆಯ ಆಡಳಿತ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ವಿಷಯ ತಿರುಗುಮುರುಗು. ರಾಜ್ಯೋತ್ಸವದ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಎಲ್ಲ ಕುರ್ಚಿಯೂ ತುಂಬಿದ್ದರೆ ಬಾಗಿಲಲ್ಲಿ ಜನ ನಿಂತಿರುತ್ತಾರೆ. ಸಾರು ಬರುವುದು ಹತ್ತು ನಿಮಿಷ ತಡವಾದರೆ ಮುಂದಿನ ಪಂಕ್ತಿ, ಅದರ ಮುಂದಿನ ಪಂಕ್ತಿ, ಎಲ್ಲವೂ ತಡ. ಮಕ್ಕಳು ಅಳುತ್ತವೆ, ಹಿರಿಯರು ಮುಖ ಗಂಟಿಕ್ಕುತ್ತಾರೆ. ಬಡಿಸುವ ಕೆಲಸಕ್ಕೆ ನಿಂತ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು. ನಾಲ್ಕು ಕುರ್ಚಿ ಖಾಲಿ ಇದ್ದರೆ ಸಾಲು ಸರಾಗವಾಗಿ ಸಾಗುತ್ತದೆ.

ಹಡಗುಗಳು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಬಿರುಗಾಳಿ, ಮಂಜು, ಹಿಂದಿನ ಬಂದರಿನ ವಿಳಂಬ, ಎಲ್ಲ ಸೇರಿ ಒಂದು ದಿನ ಯಾರೂ ಇರುವುದಿಲ್ಲ, ಮರುದಿನ ಮೂರು ಒಟ್ಟಿಗೆ ಬರುತ್ತವೆ. ಆದ್ದರಿಂದ ಜಾಣ ಬಂದರು ತನ್ನ ಬರ್ತುಗಳಲ್ಲಿ ಸ್ವಲ್ಪ ಬಿಡುವು ಉಳಿಸಿಕೊಳ್ಳುತ್ತದೆ. ಲೆಕ್ಕಪತ್ರದಲ್ಲಿ ಆ ಬಿಡುವು ನಷ್ಟದಂತೆ ಕಾಣುತ್ತದೆ. ನಿಜವಾಗಿ ನೋಡಿದರೆ ಬಂದರು ಮಾರುವ ಸರಕೇ ಅದು. ಹಡಗು ಕಂಪನಿ ಇಲ್ಲಿಗೆ ಬರುವುದು ಕಾಯದೆ ಹೋಗಬಹುದು ಎಂಬ ನಂಬಿಕೆಯಿಂದ.

ಬಂದರಿನ ಆದಾಯವೂ ಹೀಗೆಯೇ ಬಗೆಬಗೆಯದು. ಒಳಗೆ ಬಂದದ್ದಕ್ಕೆ ಹಡಗಿನ ಗಾತ್ರದ ಮೇಲೆ ಶುಲ್ಕ, ಬರ್ತಿನಲ್ಲಿ ನಿಂತ ಹೊತ್ತಿಗೆ ಬಾಡಿಗೆ, ಸರಕಿಗೆ ಟನ್ನಿನ ಅಥವಾ ಪೆಟ್ಟಿಗೆಯ ಲೆಕ್ಕದಲ್ಲಿ ದರ, ದಾರಿ ತೋರಿಸುವ ಪೈಲಟ್‌ಗೆ, ಎಳೆಯುವ ಟಗ್ ದೋಣಿಗೆ ಬೇರೆ. ಇಳಿದ ಕಂಟೇನರನ್ನು ಗೊತ್ತಾದ ದಿನದೊಳಗೆ ಒಯ್ಯದಿದ್ದರೆ ದಂಡ. ಅದಕ್ಕೆ ಡೆಮರೇಜ್ ಎನ್ನುತ್ತಾರೆ. ದಿನಕ್ಕೆ 100 ಯೂರೋ ದಂಡ ಎಂದುಕೊಳ್ಳಿ, ಕಾಗದಪತ್ರ ಸರಿಯಿಲ್ಲವೆಂದು ಕಸ್ಟಮ್ಸ್‌ನಲ್ಲಿ ನಮ್ಮ ಅಕ್ಕಿ ಹತ್ತು ದಿನ ನಿಂತರೆ 1,000 ಯೂರೋ, ಅಂದರೆ ಮೂಟೆಗೆ 40 ಸೆಂಟ್. ಅರ್ಧ ಭೂಮಿ ಸುತ್ತಿದ್ದಕ್ಕೆ ಒಂದು ಯೂರೋ, ಡಬ್ಲಿನ್ ಅಂಗಳದಲ್ಲಿ ಸುಮ್ಮನೆ ನಿಂತದ್ದಕ್ಕೆ 40 ಸೆಂಟ್! ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಸುಂಕ ಎಂಬ ಮಾತು ಸಂಸ್ಕೃತದ ಶುಲ್ಕದ ತದ್ಭವ. ಕಟ್ಟೆಯಲ್ಲಿ ತಡೆದು ನಿಲ್ಲಿಸುವ ಅನುಭವವೂ ಆ ಮಾತಿನಷ್ಟೇ ಹಳೆಯದು.

ಎರಡು ಊರು, ಒಂದೇ ಮರಳು

ಹಾಗಾದರೆ ಬಂದರು ಎಲ್ಲಿ ಹುಟ್ಟುತ್ತದೆ? ಸಾಮಾನ್ಯವಾಗಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ. ಅಲ್ಲೇ ತೊಂದರೆಯೂ ಹುಟ್ಟುತ್ತದೆ, ಏಕೆಂದರೆ ನದಿ ಮತ್ತು ಅಲೆ ಸೇರಿ ಬಾಯಿಯಲ್ಲಿ ಮರಳಿನ ದಿಬ್ಬ ಕಟ್ಟುತ್ತವೆ. ಡಬ್ಲಿನ್‌ಗೂ ಮಂಗಳೂರಿಗೂ ಇದೇ ಕಾಟ. ಎರಡೂ ಊರು ಕಂಡುಕೊಂಡ ಪರಿಹಾರ ಮಾತ್ರ ಬೇರೆ ಬೇರೆ.

ಡಬ್ಲಿನ್‌ನಲ್ಲಿ ಲಿಫಿ ನದಿಯ ಬಾಯಿಗೆ 18ನೆಯ ಶತಮಾನದಲ್ಲಿ ದಕ್ಷಿಣಕ್ಕೆ ಉದ್ದನೆಯ ಕಲ್ಲಿನ ಗೋಡೆ ಕಟ್ಟಿದರು. ಅದೇ ಗ್ರೇಟ್ ಸೌತ್ ವಾಲ್. 1800ರ ಸುಮಾರಿಗೆ ಕೊಲ್ಲಿಯ ಅಳತೆ ಮಾಡಿ ನಕ್ಷೆ ಬರೆದವನು ವಿಲಿಯಂ ಬ್ಲೈ, ‘ಬೌಂಟಿ’ ಹಡಗಿನ ದಂಗೆಯ ಕಥೆಯಲ್ಲಿ ಬರುವ ಅದೇ ಕ್ಯಾಪ್ಟನ್. ಆಮೇಲೆ 1820ರ ದಶಕದಲ್ಲಿ ಉತ್ತರಕ್ಕೆ ಬುಲ್ ವಾಲ್ ಕಟ್ಟಿ ಮುಗಿಸಿದರು. ಎರಡು ಗೋಡೆಗಳ ನಡುವೆ ಇಳಿತದ ನೀರು ರಭಸದಿಂದ ಹೊರಗೆ ನುಗ್ಗಿ, ಮರಳನ್ನು ತಾನೇ ಕೊಚ್ಚಿಕೊಂಡು ಹೋಗತೊಡಗಿತು. ಆ ಮರಳು ಹೋಗಿ ನಿಂತು ಬೆಳೆದದ್ದೇ ಬುಲ್ ಐಲೆಂಡ್. ಬಿಸಿಲು ಬಿದ್ದ ದಿನ ನೀವು ಆಡಲು ಹೋಗುವ ಡಾಲಿಮೌಂಟ್ ಕಡಲತೀರ ಬಂದರಿನ ಹೂಳಿನಿಂದ ಹುಟ್ಟಿದ ನೆಲ.

ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯಲ್ಲಿತ್ತು. ಮರಳ ದಿಬ್ಬದಿಂದಾಗಿ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಬೇಕು, ಸರಕು ದೋಣಿಗಳಲ್ಲಿ ಹೋಗಬೇಕು. ಮಳೆಗಾಲ ಬಂತೆಂದರೆ ವ್ಯಾಪಾರವೇ ಬಂದ್. ಇದಕ್ಕೆ ಪರಿಹಾರವಾಗಿ ಊರಿಗೆ ಉತ್ತರದಲ್ಲಿರುವ ಪಣಂಬೂರಿನಲ್ಲಿ ನೆಲವನ್ನೇ ಅಗೆದು, ಒಳಗೆ ಸಮುದ್ರವನ್ನು ತಂದು, ಕೃತಕ ಬಂದರು ಮಾಡಿದರು. ಸಂಸತ್ ಸದಸ್ಯರಾಗಿದ್ದ ಯು. ಶ್ರೀನಿವಾಸ ಮಲ್ಯರು ಇದರ ಹಿಂದೆ ಬಿದ್ದು ಕೆಲಸ ಮಾಡಿಸಿದವರು. 1962ರಲ್ಲಿ ಆರಂಭವಾದ ಕೆಲಸ ಮುಗಿಯುವ ಹೊತ್ತಿಗೆ ಅವರು ಇರಲಿಲ್ಲ. 1974ರ ಮೇ 4ರಂದು ಇದು ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂದು ಘೋಷಣೆಯಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು.

ನೆಲ ಅಗೆದರು ಎಂದು ಒಂದು ಮಾತಿನಲ್ಲಿ ಹೇಳಿಬಿಟ್ಟೆ. ಆ ನೆಲದಲ್ಲಿ ಗದ್ದೆ, ತೆಂಗಿನ ತೋಟ, ದೈವಸ್ಥಾನ, ಮನೆಗಳಿದ್ದವು. ಪಣಂಬೂರು, ಬೈಕಂಪಾಡಿ ಕಡೆಯ ಕುಟುಂಬಗಳು ಊರು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರದ ಪುನರ್ವಸತಿ ಬಡಾವಣೆಗಳಿಗೆ ಹೋದವು. ಬಂದರಿನ ಲಾಭದ ಲೆಕ್ಕದಲ್ಲಿ ಟನ್ನು, ರೂಪಾಯಿ ಕಾಣುತ್ತದೆ. ಹಿತ್ತಲು ಕಳೆದುಕೊಂಡವರ ಲೆಕ್ಕ ಬೇರೆ ಪುಸ್ತಕದಲ್ಲಿರುತ್ತದೆ. ಬಂದರು ಬೇಡ ಎನ್ನಲು ನಾನು ಇದನ್ನು ಹೇಳುತ್ತಿಲ್ಲ. ಒಂದು ಊರಿನ ಅಗ್ಗದ ಸರಕಿಗೆ ಇನ್ನೊಂದು ಊರು ಮುಂಗಡ ಕೊಟ್ಟಿರುತ್ತದೆ, ಎರಡೂ ಪುಸ್ತಕ ತೆರೆದು ನೋಡಬೇಕು ಎಂದಷ್ಟೇ ನನ್ನ ಮಾತು.

ಬಂದರಿಗೆ ಒಂದೇ ಸರಕನ್ನು ನಂಬಿಕೊಳ್ಳುವ ಅಪಾಯವೂ ಇದೆ. ಪಣಂಬೂರಿಗೆ ಬಲ ಕೊಟ್ಟದ್ದು ಕುದುರೆಮುಖದ ಕಬ್ಬಿಣದ ಅದಿರು. ಇರಾನಿಗೆ ಮಾರುವ ಒಪ್ಪಂದದ ಮೇಲೆ 1976ರಲ್ಲಿ ಕುದುರೆಮುಖ ಕಂಪನಿ ಹುಟ್ಟಿತು. ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಬಂದರಿಗೆ ತರುವ ಏರ್ಪಾಡು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವರೇ ಇಲ್ಲವಾದರು, ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು. ಕೊನೆಗೆ ಕಾಡಿನ ರಕ್ಷಣೆಗಾಗಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯಲ್ಲಿ ಗಣಿಗಾರಿಕೆಯೇ ನಿಂತಿತು. ಬಂದರು ಅಷ್ಟರಲ್ಲಿ ಕಚ್ಚಾ ತೈಲ, ಅಡುಗೆ ಅನಿಲ, ಕಲ್ಲಿದ್ದಲನ್ನು ಹಿಡಿದುಕೊಂಡಿದ್ದರಿಂದ ಉಳಿಯಿತು.

ಒಗಟಿಗೆ ಉತ್ತರ

ಈಗ ಮೊದಲಿನ ಒಗಟಿಗೆ ಬರೋಣ. ಪಣಂಬೂರು ವರ್ಷಕ್ಕೆ 4 ಕೋಟಿ ಟನ್ನಿಗೂ ಹೆಚ್ಚು ಸರಕು ನಿಭಾಯಿಸುತ್ತದೆ. ಡಬ್ಲಿನ್‌ದು ಮೂರೂವರೆ ಕೋಟಿಯ ಆಸುಪಾಸು. ತೂಕದಲ್ಲಿ ನಮ್ಮ ಮಂಗಳೂರೇ ದೊಡ್ಡದು! ಆದರೆ ಕಂಟೇನರ್ ಲೆಕ್ಕಕ್ಕೆ ಬಂದರೆ ಡಬ್ಲಿನ್‌ನಲ್ಲಿ ವರ್ಷಕ್ಕೆ 7 ಲಕ್ಷ ಟಿಇಯುಗೂ ಹೆಚ್ಚು, ಮಂಗಳೂರಿನಲ್ಲಿ 2 ಲಕ್ಷದ ಆಸುಪಾಸು. ಮಂಗಳೂರಿನ ತೂಕವೆಲ್ಲ ತೈಲ, ಅನಿಲ, ಕಲ್ಲಿದ್ದಲಿನದು. ಪೆಟ್ಟಿಗೆಯಲ್ಲಿ ಹೋಗುವುದು ಕಾಫಿ, ಗೋಡಂಬಿಯಂಥವು.

ಬೆಂಗಳೂರು ಮತ್ತು ಮಂಗಳೂರಿನ ನಡುವೆ ಪಶ್ಚಿಮ ಘಟ್ಟ ನಿಂತಿದೆ. ಶಿರಾಡಿ ಘಾಟಿಯ ರಸ್ತೆ ಮಳೆಗಾಲದಲ್ಲಿ ಕುಸಿದು ಮುಚ್ಚುವುದು ಪ್ರತಿವರ್ಷದ ಸುದ್ದಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲು ದಾರಿ ಕಡಿದಾದದ್ದು, ಸುರಂಗಗಳ ಸಾಲು. ಅಲ್ಲಿ ಉದ್ದನೆಯ ಗೂಡ್ಸ್ ರೈಲನ್ನು ಏರಿಸಿ ಇಳಿಸುವುದು ನಿಧಾನದ, ದುಬಾರಿ ಕೆಲಸ. ಚೆನ್ನೈ ಕಡೆ ಅಂಥ ಅಡ್ಡಿಯಿಲ್ಲ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೇ ಕಂಟೇನರ್ ಡಿಪೊ ಇದೆ. ಅಲ್ಲೇ ಕಸ್ಟಮ್ಸ್ ಮುಗಿಸಿ ರೈಲಿನಲ್ಲಿ ನೇರ ಚೆನ್ನೈ ಬಂದರಿಗೆ ಕಳಿಸಬಹುದು. ಅಲ್ಲಿ ಹಡಗುಗಳು ಹೆಚ್ಚು, ಹಡಗುಗಳಿವೆಯೆಂದು ಸರಕು ಹೆಚ್ಚು, ಸರಕಿದೆಯೆಂದು ಮತ್ತೆ ಹಡಗು ಹೆಚ್ಚು. ಸಂತೆಯ ನಿಯಮ ಅದೇ. ಮಂಗಳೂರು ಈ ಚಕ್ರವನ್ನು ತನ್ನ ಕಡೆ ತಿರುಗಿಸಬೇಕಾದರೆ ಕ್ರೇನ್ ತಂದರಷ್ಟೇ ಸಾಲದು, ಘಟ್ಟದ ದಾರಿ ವರ್ಷವಿಡೀ ನಂಬುವಂತೆ ಆಗಬೇಕು. ಆದರೆ ಘಟ್ಟವನ್ನು ಹೆಚ್ಚು ಕೊರೆದರೆ ಕಾಡು, ನದಿ, ಗುಡ್ಡ ಏನಾಗುತ್ತವೆ ಎಂಬುದು ಇನ್ನೊಂದು ಪುಸ್ತಕದ ಲೆಕ್ಕ.

ಯಾರ ಬಂದರು?

ಬಂದರಿನ ಮಾಲೀಕರು ಯಾರು ಎಂಬುದು ಬೇಸರದ ಪ್ರಶ್ನೆಯಂತೆ ಕೇಳಿಸುತ್ತದೆ. ಆದರೆ ಐರ್ಲೆಂಡಿನವರಿಗೆ ಅದರ ಬಿಸಿ 2024ರ ಕ್ರಿಸ್‌ಮಸ್ ಹೊತ್ತಿಗೆ ತಟ್ಟಿತು.

ಭಾರತದ ಪ್ರಮುಖ ಬಂದರುಗಳು ಕೇಂದ್ರ ಸರ್ಕಾರದವು. 2021ರ ಕಾಯ್ದೆಯಿಂದ ಹಳೆಯ ಪೋರ್ಟ್ ಟ್ರಸ್ಟ್‌ಗಳು ಪೋರ್ಟ್ ಅಥಾರಿಟಿಗಳಾದವು. ಈಗಿನ ಪದ್ಧತಿ ಮನೆ ಮಾಲೀಕನಂಥದ್ದು. ನೆಲ, ಅಲೆತಡೆ ಗೋಡೆ, ಹೂಳೆತ್ತಿದ ಕಾಲುವೆ ಬಂದರಿನದು, ಒಳಗಿನ ಬರ್ತನ್ನು ಖಾಸಗಿಯವರಿಗೆ ಬಾಡಿಗೆಗೆ ಕೊಡುವುದು. ಪಣಂಬೂರಿನ 14ನೆಯ ಬರ್ತಿನಲ್ಲಿ ಕಂಟೇನರ್ ಕೆಲಸವನ್ನು ಈಗ ಜೆಎಸ್‌ಡಬ್ಲ್ಯು ಕಂಪನಿ ನಡೆಸುತ್ತದೆ. ಡಬ್ಲಿನ್ ಪೋರ್ಟ್ ಕಂಪನಿ ಕೂಡ ಐರ್ಲೆಂಡ್ ಸರ್ಕಾರದ್ದೇ, ಅಲ್ಲೂ ಕಂಟೇನರ್ ಟರ್ಮಿನಲ್‌ಗಳನ್ನು ಖಾಸಗಿಯವರು ನಡೆಸುತ್ತಾರೆ. ಆದರೆ ಡಬ್ಲಿನ್‌ನ ಹಡಗುಗಳು ಆಚೆ ದಡದಲ್ಲಿ ಮುಟ್ಟುವ ವೇಲ್ಸಿನ ಹಾಲಿಹೆಡ್ ಬಂದರು ಸ್ಟೆನಾ ಲೈನ್ ಎಂಬ ಖಾಸಗಿ ಹಡಗು ಕಂಪನಿಯದು.

ಡಬ್ಲಿನ್‌ನಲ್ಲಿ ಬಹಳಷ್ಟು ಸರಕು ಲಾರಿಯೊಳಗೇ ಬರುತ್ತದೆ. ಲಾರಿ ನೇರ ಹಡಗಿನ ಹೊಟ್ಟೆಗೆ ಹೋಗಿ, ಆಚೆ ದಡದಲ್ಲಿ ಇಳಿದು ಹೊರಟುಬಿಡುತ್ತದೆ. ಕ್ರೇನ್ ಬೇಡ, ಕಾಯುವುದೂ ಬೇಡ. ಹಾಲಿಹೆಡ್‌ಗೆ ಮೂರು ಗಂಟೆ ಚಿಲ್ಲರೆ ಪ್ರಯಾಣ. ಬ್ರೆಕ್ಸಿಟ್‌ಗೆ ಮೊದಲು ವರ್ಷಕ್ಕೆ ಸುಮಾರು ಒಂದೂವರೆ ಲಕ್ಷ ಲಾರಿಗಳು ಬ್ರಿಟನ್ನನ್ನು ಸೇತುವೆಯಂತೆ ದಾಟಿ ಯೂರೋಪಿಗೆ ಹೋಗುತ್ತಿದ್ದವು. 2021ರ ಜನವರಿ 1ರಿಂದ ಕಸ್ಟಮ್ಸ್ ಕಾಗದಗಳು ನಡುವೆ ಬಂದವು. ಮರುದಿನವೇ ರಾಸ್‌ಲೇರ್‌ನಿಂದ ಫ್ರಾನ್ಸಿನ ಡಂಕರ್ಕ್‌ಗೆ ನೇರ ಹಡಗು ಶುರುವಾಯಿತು. ಸುಮಾರು ಒಂದು ದಿನದ ಸಮುದ್ರಯಾನ. ದೂರ ಹೆಚ್ಚಾದರೂ ಜನ ಅದನ್ನೇ ಹಿಡಿದರು, ಏಕೆಂದರೆ ಕಟ್ಟೆಯಲ್ಲಿ ಕಾಯುವ ಭಯವಿಲ್ಲ.

2024ರ ಡಿಸೆಂಬರ್ 7ರಂದು ಡಾರಾ ಬಿರುಗಾಳಿಯ ಹೊತ್ತಿನಲ್ಲಿ ಹಾಲಿಹೆಡ್ ಬಂದರಿಗೆ ಪೆಟ್ಟು ಬಿದ್ದು ಅದು ಮುಚ್ಚಿತು. ಮತ್ತೆ ಭಾಗಶಃ ತೆರೆದದ್ದು 2025ರ ಜನವರಿ 16ರಂದು. ಕ್ರಿಸ್‌ಮಸ್‌ಗೆ ಮನೆಗೆ ಬರಬೇಕಾದವರು, ಮಕ್ಕಳ ಉಡುಗೊರೆ ತುಂಬಿದ ಪಾರ್ಸಲ್‌ಗಳು, ಲಾರಿಗಳು, ಎಲ್ಲ ಬೇರೆ ದಾರಿ ಹುಡುಕಬೇಕಾಯಿತು. ಇನ್ನೊಂದು ದೇಶದಲ್ಲಿರುವ, ಖಾಸಗಿಯವರ ಒಂದು ಬಂದರು ಮುಚ್ಚಿದರೆ ಈ ದ್ವೀಪದ ಅಂಗಡಿಗಳು ಏನಾಗುತ್ತವೆ ಎಂದು ಆಗ ಎಲ್ಲರಿಗೂ ಕಂಡಿತು. ಎರಡನೆಯ ದಾರಿ ಇಟ್ಟುಕೊಳ್ಳಲು ದುಡ್ಡು ಬೇಕು. ಅದು ಬೇಕಾಗುವ ದಿನದವರೆಗೆ ಅದು ದಂಡದ ಖರ್ಚಿನಂತೆಯೇ ಕಾಣುತ್ತದೆ.

ದಾರಿ ತಪ್ಪಿದಾಗ

ದೂರದ ಸಮುದ್ರದಲ್ಲಿ ನಡೆದದ್ದೂ ನಮ್ಮ ಅಡುಗೆಮನೆಗೆ ಬರುತ್ತದೆ. 2021ರ ಮಾರ್ಚ್ 23ರಂದು 400 ಮೀಟರ್ ಉದ್ದದ ‘ಎವರ್ ಗಿವನ್’ ಸುಯೆಜ್ ಕಾಲುವೆಯಲ್ಲಿ ಅಡ್ಡಲಾಗಿ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿತು. ಆ ಹಡಗಿನ ಜಾತಕ ಕೇಳಿ: ಮಾಲೀಕರು ಜಪಾನಿನವರು, ನಡೆಸುವ ಕಂಪನಿ ತೈವಾನಿನದು, ಬಾವುಟ ಪನಾಮದ್ದು, ಹಡಗಿನ ಮೇಲಿದ್ದ 25 ಸಿಬ್ಬಂದಿಯೂ ಭಾರತೀಯರು. ಬಾವುಟ ಯಾವ ದೇಶದ್ದೋ ಆ ದೇಶದ ತೆರಿಗೆ ಮತ್ತು ಕಾನೂನು ಎಂಬ ಕಾರಣಕ್ಕೆ ಹಡಗುಗಳು ಪನಾಮ, ಲೈಬೀರಿಯಾ, ಮಾರ್ಷಲ್ ದ್ವೀಪಗಳಲ್ಲಿ ನೋಂದಣಿಯಾಗುತ್ತವೆ. ಪರಿಹಾರದ ಜಗಳ ಮುಗಿದು ಆ ಹಡಗು ಈಜಿಪ್ಟಿನಿಂದ ಹೊರಟದ್ದು ಜುಲೈ 7ಕ್ಕೆ.

ಅದೇ 2021ರಲ್ಲಿ, ಕೊರೋನಾ ಗೊಂದಲದ ನಡುವೆ, ಚೀನಾದಿಂದ ಯೂರೋಪಿಗೆ ಸುಮಾರು 2,000 ಡಾಲರ್ ಇದ್ದ 40 ಅಡಿ ಕಂಟೇನರಿನ ಬಾಡಿಗೆ 10,000 ದಾಟಿತು. ದೂರ ಒಂದು ಮೈಲಿಯೂ ಹೆಚ್ಚಿರಲಿಲ್ಲ. ಪೆಟ್ಟಿಗೆಗಳು ತಪ್ಪು ಊರಿನಲ್ಲಿ ಸಿಕ್ಕಿಕೊಂಡಿದ್ದವು, ಬಂದರುಗಳಲ್ಲಿ ಸಾಲು ಬೆಳೆದಿತ್ತು, ಅಷ್ಟೇ. ಅದಕ್ಕಿಂತ ಮೊದಲು 2020ರಲ್ಲಿ ಸುಮಾರು 4 ಲಕ್ಷ ನಾವಿಕರು ಒಪ್ಪಂದದ ಅವಧಿ ಮುಗಿದರೂ ದಡಕ್ಕೆ ಇಳಿಯಲಾಗದೆ ಹಡಗಿನಲ್ಲೇ ಉಳಿದಿದ್ದರು. ನಾವು ಮನೆಯೊಳಗೆ ಕುಳಿತು ಪಾರ್ಸಲ್ ತರಿಸಿಕೊಳ್ಳುತ್ತಿದ್ದ ತಿಂಗಳುಗಳವು.

2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಕಂಪನಿಗಳು ಸುಯೆಜ್ ಬಿಟ್ಟು ಆಫ್ರಿಕಾದ ಗುಡ್‌ಹೋಪ್ ಭೂಶಿರವನ್ನು ಸುತ್ತತೊಡಗಿದವು. ಏಷ್ಯಾದಿಂದ ಯೂರೋಪಿಗೆ ಸುಮಾರು ಹತ್ತರಿಂದ ಹದಿನಾಲ್ಕು ದಿನ ಹೆಚ್ಚು. ಇಂಧನಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು: ಪ್ರತಿ ಹಡಗೂ ಹೆಚ್ಚು ದಿನ ತೆಗೆದುಕೊಂಡರೆ ಅಷ್ಟೇ ಸರಕಿಗೆ ಹೆಚ್ಚು ಹಡಗು ಬೇಕು.

ಹಾಗೆಂದು ಎಲ್ಲ ಬೆಲೆಯೇರಿಕೆಗೂ ಹಡಗನ್ನು ದೂರುವಂತಿಲ್ಲ. ಭಾರತ ಸರ್ಕಾರ 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿದಾಗ ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಸಾಲು ನಿಂತಿತು. 2024ರ ಸೆಪ್ಟೆಂಬರಿನಲ್ಲಿ ಆ ನಿಷೇಧ ತೆರವಾಯಿತು. ಅಲ್ಲಿ ನಮ್ಮ ದೇಶದ ಬಡವರ ಅನ್ನದ ಬೆಲೆಯ ಪ್ರಶ್ನೆ, ಇಲ್ಲಿ ನಮ್ಮ ಬಿಸಿಬೇಳೆಬಾತಿನ ಪ್ರಶ್ನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗುವುದಿಲ್ಲ.

ನಮ್ಮೂರಿನ ಬಾಗಿಲಿಗೆ

ಕ್ಲಾಂಡಾಲ್ಕಿನ್ ಸಮುದ್ರ ಕಾಣದ ಊರು. ಆದರೂ ಬಂದರಿನ ಒಂದು ಕೈ ಇಲ್ಲಿಯವರೆಗೆ ಚಾಚಿದೆ. ಊರಿನ ಪಕ್ಕದ ಗ್ರ್ಯಾಂಡ್ ಕೆನಾಲ್ ಒಂದು ಕಾಲದಲ್ಲಿ ಡಬ್ಲಿನ್‌ನಿಂದ ಶ್ಯಾನನ್ ನದಿಯವರೆಗೆ ಸರಕು ಸಾಗಿಸುತ್ತಿತ್ತು. ರಸ್ತೆ, ರೈಲಿನ ಮುಂದೆ ಸೋತು 1960ರಲ್ಲಿ ಆ ಸಾಗಾಟ ನಿಂತಿತು. ಇಂದು ಅದರ ದಂಡೆಯಲ್ಲಿ ನಾವು ವಾಕಿಂಗ್ ಹೋಗುತ್ತೇವೆ. ಈಗಿನ ಕಾಲುವೆ ಎಂದರೆ ಎಂ50 ಹೆದ್ದಾರಿ ಮತ್ತು 2006ರ ಡಿಸೆಂಬರಿನಲ್ಲಿ ತೆರೆದ 4.5 ಕಿಲೋಮೀಟರಿನ ಪೋರ್ಟ್ ಟನೆಲ್. ಅಲ್ಲಿ ಕಾರಿಗೆ ಟೋಲ್ ಇದೆ, ದೊಡ್ಡ ಲಾರಿಗೆ ಇಲ್ಲ. ಲಾರಿಗಳು ಊರೊಳಗಿನ ನದಿದಂಡೆಯಲ್ಲಿ ಸಾಲುಗಟ್ಟಿ ನಿಲ್ಲದಿರಲಿ ಎಂದು ಸಾರ್ವಜನಿಕ ದುಡ್ಡಿನಲ್ಲಿ ಸುರಂಗ ಕಟ್ಟಿ ಅವಕ್ಕೆ ಪುಕ್ಕಟೆ ಬಿಟ್ಟಿದ್ದಾರೆ. ಇದೂ ಕಾಯುವಿಕೆಯನ್ನು ಕಡಿಮೆ ಮಾಡಲು ತೆತ್ತ ಬೆಲೆಯೇ. ರೆಡ್ ಕೌ ಬಳಿ ಸಾಗುವ ಕಂಟೇನರ್ ಲಾರಿಗಳು ಈ ಕಡೆಯ ಗೋದಾಮುಗಳಿಗೆ ಸಮುದ್ರವನ್ನು ಹೊತ್ತು ತರುತ್ತವೆ.

ನಿಮ್ಮಲ್ಲಿ ಕೆಲವರು ಮುಂದೆ ಲಾಜಿಸ್ಟಿಕ್ಸ್, ಕಾನೂನು, ಅರ್ಥಶಾಸ್ತ್ರ, ಪರಿಸರ ವಿಜ್ಞಾನ ಓದುವವರಿರಬಹುದು. ಎಲ್ಲರೂ ಓಟು ಹಾಕುವವರಂತೂ ಹೌದು. ಹೊಸ ಬಂದರು, ಹೊಸ ಹೆದ್ದಾರಿ ಎಂಬ ಸುದ್ದಿ ಇಲ್ಲಿಯದಾಗಲಿ ಕರಾವಳಿಯದಾಗಲಿ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಇಲ್ಲಿಗೆ ಬರುವ ಹಡಗು ಹೋಗುವಾಗ ತುಂಬಿಕೊಂಡು ಹೋಗಲು ಏನಿದೆ? ಬಂದರಿನ ಬಾಗಿಲಿನಿಂದ ಆಚೆಗೆ ದಾರಿ ಹೇಗಿದೆ? ಇದು ಮುಚ್ಚಿದ ದಿನ ಎರಡನೆಯ ದಾರಿ ಯಾವುದು? ಇದಕ್ಕಾಗಿ ಮನೆ, ಗದ್ದೆ, ಮೀನು ಹಿಡಿಯುವ ದಡ ಕಳೆದುಕೊಳ್ಳುವವರು ಯಾರು, ಅವರಿಗೆ ಏನು ಸಿಗುತ್ತದೆ?

ಮುಂದಿನ ಸಲ ರಜೆಗೆ ಮಂಗಳೂರಿಗೆ ಹೋದರೆ ಪಣಂಬೂರು ಬೀಚಿನಲ್ಲಿ ಐಸ್‌ಕ್ರೀಂ ತಿನ್ನುತ್ತಾ ಪಕ್ಕದ ಅಲೆತಡೆ ಗೋಡೆಯ ಕಡೆಗೂ ಒಮ್ಮೆ ನೋಡಿ. ಆ ಕಡೆಯ ಹಿರಿಯರು ಸಿಕ್ಕರೆ, ಬಂದರು ಬರುವ ಮೊದಲು ಇಲ್ಲಿ ಏನಿತ್ತು ಎಂದು ಕನ್ನಡದಲ್ಲೋ ತುಳುವಿನಲ್ಲೋ ಕೇಳಿ. ಅವರು ಹೇಳಿದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದರೆ ನಮ್ಮ ರೇಡಿಯೋಗೆ ಅದಕ್ಕಿಂತ ಒಳ್ಳೆಯ ಕಾರ್ಯಕ್ರಮ ಬೇರೆ ಬೇಕಿಲ್ಲ.